ಮೊಳೆಗೆ ಮರಳಿದ ಬೀಗದ ಕೈ

ಬೀಗದ ಕೈಯನ್ನು ಮೊಳೆಗೆ ಮತ್ತೆ ನೇತುಹಾಕಿದವಳು ನಾನೇ, ಶೋಭಾ. ನಿನ್ನ ಗಂಡ ಮಂಜನನ್ನು ಆಸ್ಪತ್ರೆಗೆ ಒಯ್ದ ಮೇಲೆ — ಪೊಲೀಸರು ಬರುವ ಮೊದಲು — ಬೀರುವಿನಿಂದ ತೆಗೆದು, ಮೊದಲು ಎಲ್ಲಿರುತ್ತಿತ್ತೋ ಅಲ್ಲಿಗೇ. ಅವರು ಕೇಳಿದಾಗ ಮೊಳೆ ತೋರಿಸಿದೆ. "ಯಾವಾಗ್ಲೂ ಇಲ್ಲೇ ಇರ್ತದೆ ಸಾರ್, ಅವನು ಕೇಳ್ಲೇ ಇಲ್ಲ" ಅಂದೆ. ನೀನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ನನ್ನ ಮಾತನ್ನು ನಂಬಿದೆ.

ಅದು ನಿಜವಾಗಿಯೂ ಮೊಳೆಯಲ್ಲಿದ್ದ ಕೊನೆಯ ದಿನ ನನಗೆ ನೆನಪಿದೆ. ಮಂಜ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದ. "ಅಕ್ಕಾ, ಸೊಪ್ಪಿನ ಸಾರಾ? ಮುದ್ದೆ ಇಕ್ಕಿರು. ಮೂರನೇ ಮಾಡಿ ಟೀಚರಮ್ಮಂಗೆ ನೆಟ್ ಬತ್ತಿಲ್ವಂತೆ, ನೋಡ್ಕೊಂಡು ಬಂದೆ" ಅಂದವನೇ ಬೀಗದ ಕೈ ತೆಗೆದುಕೊಂಡು ಹೋದ. ಕೇಳಲಿಲ್ಲ. ತಮ್ಮನಾದವನು ಅಕ್ಕನ ಮನೆಯಲ್ಲಿ ಕೇಳುವುದೇನು? ಊಟಕ್ಕೆ ಬಂದಾಗ ಮತ್ತೆ ಮೊಳೆಗೇ ಹಾಕಿದ. ಕೇಬಲ್‌ಗಳೆಲ್ಲ ಮಹಡಿಯಿಂದ ಮಹಡಿಗೆ ಏರುವ ಆ ಸಣ್ಣ ಕೋಣೆಯ ಬೀಗದ ಕೈ ಅದು. ನಮ್ಮ ಕಟ್ಟಡದ ಬಾಡಿಗೆಯವರಿಗೆಲ್ಲ ಆಗ ಇಂಟರ್ನೆಟ್ ಕೊಡುತ್ತಿದ್ದವನು ಅವನೇ. ಮಹದೇವಪುರದ ನಮ್ಮ ನಾಲ್ಕು ಬೀದಿಗೆ ನೆಟ್ ಕೊಡುವುದು ಬಿಟ್ಟರೆ ಅವನಿಗೆ ಬೇರೆ ಕಸುಬು ಇರಲಿಲ್ಲ.

ಅಂದೇ ಸಂಜೆ ದೊಡ್ಡ ಇಂಟರ್ನೆಟ್ ಕಂಪನಿಯವನು ಬಂದ. ನನ್ನನ್ನು ಮೇಡಂ ಅಂದ. ಮೆಟ್ಟಿಲಿಗೆಲ್ಲ ಕ್ಯಾಮೆರಾ, ನಮ್ಮ ಮನೆಗೆ ಪುಕ್ಕಟೆ ನೆಟ್ — ಬೇರೆಯವರ ಕೇಬಲ್ ಮಾತ್ರ ಕಟ್ಟಡದಲ್ಲಿ ಇರಬಾರದು.

"ಹಂಗಾದ್ರೆ ನೀವೇ ಬೀಗ ಹಾಕ್ಕೊಳ್ಳಿ" ಅಂದೆ.

ಅವನು ನಕ್ಕ. "ನಾವು ಹಾಕಿದ್ರೆ ಕೇಳೋರಿದಾರೆ ಮೇಡಂ. ನೀವು ಹಾಕಿದ್ರೆ ಯಾರೂ ಕೇಳಂಗಿಲ್ಲ. ನಿಮ್ ಬಿಲ್ಡಿಂಗ್ ಅಲ್ವಾ?"

ನನಗೆ ಅರ್ಥವಾಗಲಿಲ್ಲ ಎಂದು ಹೇಳಲಾರೆ. ಆಗಲೇ ಅರ್ಥವಾಗಿತ್ತು. 'ನನ್ನ ಸ್ವಂತ ಇಷ್ಟದಿಂದ' ಎಂದು ಅವನು ಬರೆದು ತಂದಿದ್ದಕ್ಕೆ ಸಹಿ ಹಾಕಿದೆ. ಅವರು ಮಂಜನ ಕೇಬಲ್ ಕಿತ್ತರು, ನಾನು ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಬೀರುವಿನಲ್ಲಿಟ್ಟೆ. ಮಂಜ ಎರಡು ದಿನ ಕೂಗಾಡುತ್ತಾನೆ, ಮೂರನೆಯ ದಿನ ಊಟಕ್ಕೆ ಬರುತ್ತಾನೆ ಅಂದುಕೊಂಡೆ.

ಅವನು ಕೂಗಾಡಲಿಲ್ಲ. ಇಂಟರ್ನೆಟ್ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರಕ್ಕೆ ದೂರು ಕೊಟ್ಟ. ಅವರು ಕಂಪನಿಯನ್ನು ಕೇಳಿದರಂತೆ. ಕಂಪನಿ ನನ್ನ ಸಹಿ ತೋರಿಸಿತಂತೆ. ಉತ್ತರ ಬಂದ ದಿನ ಮಂಜ ಹೊಸ್ತಿಲಾಚೆಯೇ ನಿಂತು, ಫೋನು ನೋಡುತ್ತ ಹೇಳಿದ: "ಕಂಪನಿಗಾದ್ರೆ ಅವ್ರು ಬಯ್ಯಬೋದಂತೆ ಕಣಕ್ಕಾ. ಬಿಲ್ಡಿಂಗ್ ಓನರ್‌ಗೆ ಬಯ್ಯಂಗಿಲ್ವಂತೆ, ಅಧಿಕಾರ ಇಲ್ವಂತೆ. ಸರ್ಕಾರಕ್ಕೂ ಸಿಗದಷ್ಟು ದೊಡ್ಡೋಳಾಗ್ಬುಟ್ಟೆ ನೀನು!"

ನಗುತ್ತಲೇ ಅಂದ. ಬೀಗದ ಕೈಗಾಗಿ ಕೈ ಚಾಚಿದ. ಆಗ ಕೊಟ್ಟಿದ್ದರೆ —

"ಕಾನೂನೇ ನನ್ನ ಕಡೆ ಐತಲ್ಲ, ಇನ್ಯಾಕ್ ಬಂದೆ?" ಅಂದೆ.

ಟೀಚರಮ್ಮ ಮಾತ್ರ ಮಂಜನ ನೆಟ್ಟೇ ಬೇಕು ಎಂದು ಹಟ ಹಿಡಿದಿದ್ದರು. ಅವನು ಪಕ್ಕದ ಮನೆಯವರನ್ನು ಒಪ್ಪಿಸಿ, ಅವರ ಟೆರೇಸಿನಿಂದ ನಮ್ಮ ಮೂರನೇ ಮಹಡಿಯ ಕಿಟಕಿಗೆ ಹೊರಗಿನಿಂದಲೇ ಕೇಬಲ್ ಎಳೆಯಲು ಹೊರಟ. ಬೆಳಿಗ್ಗೆ ಹನಿದಿತ್ತು. ನಾನು ಅಂಗಳದಲ್ಲಿದ್ದೆ. ಆ ಟೆರೇಸಿನ ಒದ್ದೆ ಮೋಟುಗೋಡೆಯ ಮೇಲೆ ಕೂತು ಅವನು ಕೆಳಗೆ ನೋಡಿದ. "ಅಕ್ಕಾ, ನಿನ್ ಗೋಡೆ ಆಚೆ ಕಡೇದೂ ನಿಂದೇನಾ?"

ಅವನನ್ನು ಇಳಿಸಬಹುದಿತ್ತು, ಶೋಭಾ. ಒಂದು ಮಾತು ಸಾಕಿತ್ತು. ನಾನು ಒಳಗೆ ಹೋದೆ. ಬೆನ್ನ ಹಿಂದೆ ಸದ್ದಾಯಿತು.

ಅದಾದ ಮೇಲೆ ಮೊಳೆ. ಅದಾದ ಮೇಲೆ ಸುಳ್ಳು.

ಪ್ರತಿ ವರ್ಷ ಎಡೆ ಇಡುವಾಗ ನೀನು ಅವನ ಫೋಟೋ ನೋಡಿ ಕೇಳುತ್ತೀಯ: "ಬೀಗದ ಕೈ ಕೊಡು ಅನ್ನೋಕೆ ಏನಾಗಿತ್ತು ಇವ್ರಿಗೆ?" ನೆಂಟರು ಹುಚ್ಚು ಧೈರ್ಯ ಅನ್ನುತ್ತಾರೆ. ನಾನು ಎಲೆಗೆ ಬಡಿಸುತ್ತಿರುತ್ತೇನೆ. ಅವನು ಕೇಳಿದ್ದ; ಅಕ್ಕ ಕೊಡಲಿಲ್ಲ ಎಂದು ನಿನಗೆ ಹೇಳಿರಲಿಲ್ಲ, ಅಷ್ಟೆ. ಅವನದು ಹುಚ್ಚಲ್ಲ. ಇದನ್ನು ನೀನು ತಿಳಿಯಬೇಕು.

ನನ್ನ ಯಜಮಾನರು ಅನ್ನುತ್ತಾರೆ — "ಕೇಸು ಮುಗೀತು, ಯಾರೂ ನಿನ್ನ ಮುಟ್ಟಂಗಿಲ್ಲ, ಸುಮ್ನಿರು." ಇಷ್ಟು ವರ್ಷ ಸುಮ್ಮನಿದ್ದೆ. ಇನ್ನು ಇರುವುದಿಲ್ಲ. ಪ್ರಾಧಿಕಾರ ನನ್ನ ಬಾಗಿಲ ತನಕ ಬಂದು ನಿಂತಿತು. ಪೊಲೀಸರು ಮೊಳೆಯ ತನಕ ಬಂದು ನಿಂತರು. ಅವರ ಅಧಿಕಾರ ಎಲ್ಲಿಗೆ ಮುಗಿಯಿತೋ ಅಲ್ಲಿಗೆ ನನ್ನ ತಪ್ಪೂ ಮುಗಿಯಿತು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕಾನೂನು ನನ್ನನ್ನು ಬಿಟ್ಟಿದೆಯಂತೆ — ಬಿಡಲಿ. ಆ ಬಿಡುಗಡೆ ನನಗೆ ಬೇಡ. ನಾಳೆ ಠಾಣೆಗೆ ಹೋಗಿ ಹೇಳಿಕೆ ಬದಲಿಸುತ್ತೇನೆ. "ಹಳೇದು ಕಣಮ್ಮಾ, ಮನೆಗೋಗಿ" ಅಂದರೆ, ಬರೆದುಕೊಳ್ಳುವ ತನಕ ಅಲ್ಲೇ ಕೂರುತ್ತೇನೆ. ನೀನು ಕ್ಷಮಿಸು ಎಂದು ಇದನ್ನು ಬರೆಯುತ್ತಿಲ್ಲ. ಕ್ಷಮಿಸಬೇಡ.

ಹೋದ ವಾರ, ಇನ್ನು ಯಾರೂ ಹಾಕಬಾರದೆಂದು, ಆ ಕೋಣೆಯ ಬೀಗವನ್ನೇ ಒಡೆಸಿದೆ. ಕಂಪನಿಯವನಿಗೆ ಫೋನು ಮಾಡಿ ಹೇಳಿದಾಗ ಅವನಂದ: "ಅದು ನಿಮ್ಮಿಷ್ಟ ಮೇಡಂ." ಅಂದೂ ನನ್ನಿಷ್ಟವೇ ಆಗಿತ್ತು. ಅಷ್ಟು ಸುಲಭವಾಗಿತ್ತು.

ಈಗ ಆ ಬಾಗಿಲು ತೆರೆದೇ ಇರುತ್ತದೆ. ಯಾರ್‍ಯಾರೋ ಬಂದು ಕೇಬಲ್ ಎಳೆದು ಹೋಗುತ್ತಾರೆ. ಮಂಜನ ಕೇಬಲ್ ಅಲ್ಲಿಲ್ಲ.