ಮಣಿಕಟ್ಟಿಗೆ ಒಗ್ಗುವ ಪಿಸ್ತೂಲು

ನಾನು ಜೀವಮಾನದಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೂ ಒಬ್ಬರಿಗೆ ಎರಡು ಸಲ ಪಿಸ್ತೂಲು ಆರಿಸಿಕೊಟ್ಟಿದ್ದೇನೆ. ಮೊದಲ ಸಲ ಮಾಡಿದ ತಪ್ಪನ್ನು ನೆನೆದರೆ ಈಗಲೂ ನನ್ನ ಬಲಗೈ ತಾನಾಗಿ ಮಡಚಿಕೊಳ್ಳುತ್ತದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕೊಲ್ಲಿ ದೇಶದ ವಾದಿ ಅದಾಯ್‌ನಲ್ಲಿ, ಗ್ಯಾರೇಜುಗಳ ಸಾಲಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನೀರೆತ್ತುವ ಪಂಪುಗಳ ಬಿಡಿಭಾಗ ತರಿಸಿ ಮಾರುವ ವ್ಯಾಪಾರ. ನಾನು ಇಂಗ್ಲಿಷ್ ಪತ್ರ ಟೈಪ್ ಮಾಡುವ ಗುಮಾಸ್ತ. ಮಾಲೀಕರನ್ನು ನಾವೆಲ್ಲ ಅರ್ಬಾಬ್ ಎಂದೇ ಕರೆಯುತ್ತಿದ್ದೆವು. ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲರೂ ಅವರೇ. ವಯಸ್ಸು ಐವತ್ತು ದಾಟಿತ್ತು. ಬಹಳ ವರ್ಷ ಸೈನ್ಯದಲ್ಲಿದ್ದು ಬಂದವರು. ಯೌವನದಲ್ಲಿ ಕರಾಚಿಯಲ್ಲಿ ಇದ್ದದ್ದರಿಂದ ಹಿಂದಿ ನಮಗಿಂತ ಚೆನ್ನಾಗಿ ಬರುತ್ತಿತ್ತು, ನನ್ನೊಡನೆ ಮಾತಾಡುತ್ತಿದ್ದದ್ದು ಅದರಲ್ಲೇ.

ಒಮ್ಮೆ ದಕ್ಷಿಣದ ರಸ್ತೆಯಲ್ಲಿ ಅವರ ಕಾರು ಮಗುಚಿ ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ನೋವು ಉಳಿಯಿತು. ಆಮೇಲೆ ಅವರ ಕಾರು ಓಡಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಹಾಗಾಗಿಯೇ ಗುರುವಾರದ ಇಳಿಹೊತ್ತಿನಲ್ಲಿ ಅವರನ್ನು ಗುಡ್ಡದ ಬುಡದ ಗುಂಡು ಹೊಡೆಯುವ ಮೈದಾನಕ್ಕೆ ಕರೆದುಕೊಂಡು ಹೋಗತೊಡಗಿದೆ.

ಅಲ್ಲಿ ಅವರ ಹಳೆಯ ಸೈನ್ಯದ ಗೆಳೆಯರು ಮೂವರು ಕಾಯುತ್ತಿರುತ್ತಿದ್ದರು. ಕಾಗದದ ಗುರಿಗೆ ಹೊಡೆಯುವುದು, ಸೋತವನನ್ನು ಗೇಲಿ ಮಾಡುವುದು, ಚಾಪೆ ಹಾಸಿ ಖರ್ಜೂರ ತಿಂದು ಕಾಫಿ ಕುಡಿಯುವುದು, ಇಷ್ಟೇ. ಅರ್ಬಾಬರದು ಪೂರ್ಣ ಗಾತ್ರದ ಹಳೆಯ ಉಕ್ಕಿನ ಪಿಸ್ತೂಲು, ಇಪ್ಪತ್ತು ವರ್ಷದಿಂದ ಜೊತೆಗಿದ್ದದ್ದು. ಮೊದಲೆಲ್ಲ ಅವರೇ ಗೆಲ್ಲುತ್ತಿದ್ದರಂತೆ. ನಾನು ನೋಡತೊಡಗಿದಾಗ ಅವರ ಗುಂಡುಗಳು ಗುರಿಯ ಕೆಳಗೆ, ಎಡಕ್ಕೆ ಬೀಳುತ್ತಿದ್ದವು.

"ಏನಯ್ಯಾ, ಮಣ್ಣಿಗೆ ಬೀಜ ಬಿತ್ತುತ್ತಿದ್ದೀಯಾ?" ಎಂದು ಗೆಳೆಯರು ನಗುತ್ತಿದ್ದರು. ಅರ್ಬಾಬರೂ ನಗುತ್ತಿದ್ದರು. ಕಾರಿಗೆ ಬಂದು ಕೂತ ಮೇಲೆ ಮಾತ್ರ ದಾರಿಯುದ್ದಕ್ಕೂ ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದರು.

ಒಂದು ದಿನ ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಬಣ್ಣದ ಕ್ಯಾಟಲಾಗುಗಳ ಒಂದು ಕಟ್ಟು ಇಟ್ಟರು. ಪರವಾನಗಿ ಇದ್ದ ಬಂದೂಕಿನ ಅಂಗಡಿಯಿಂದ ತಂದದ್ದು.

"ನಿನಗೆ ಇಂಗ್ಲಿಷ್ ಬರುತ್ತದೆ, ಪಂಪಿನ ವಾಲ್ವ್ ಆರಿಸಿದ ಹಾಗೆ ನನಗೊಂದು ಪಿಸ್ತೂಲು ಆರಿಸಿಕೊಡು. ಕೈಯಲ್ಲಿ ಅಡಗುವಷ್ಟು ಚಿಕ್ಕದಿರಬೇಕು, ದೊಡ್ಡದನ್ನು ಎತ್ತಿ ಹಿಡಿದರೆ ಮೊನೆ ಕುಣಿಯುತ್ತದೆ. ಗುರಿ ತಪ್ಪಬಾರದು. ಒದೆಯಬಾರದು. ಹೊಡೆದಾಗ ಹಿಂದಕ್ಕೆ ಒದೆಯುತ್ತದಲ್ಲ, ಅದು ನೇರ ಇಲ್ಲಿಗೆ ಬರುತ್ತದೆ," ಎಂದು ಮಣಿಕಟ್ಟು ತೋರಿಸಿದರು.

"ಅರ್ಬಾಬ್, ನಾನು ಪಿಸ್ತೂಲನ್ನು ಮುಟ್ಟಿ ಕೂಡ ನೋಡಿದವನಲ್ಲ."

"ಪಂಪಿನೊಳಗೂ ನೀನು ಕೈ ಹಾಕಿ ನೋಡಿದವನಲ್ಲ. ಓದು, ಹೇಳು."

ಅಂಗಡಿಯಲ್ಲಿ ಹೊಡೆದು ನೋಡುವ ಹಾಗಿರಲಿಲ್ಲ. ಅವರ ಪರವಾನಗಿಯಲ್ಲಿ ಒಂದೇ ಪಿಸ್ತೂಲಿಗೆ ಜಾಗ. ಹೊಸದು ಬೇಕಾದರೆ ಹಳೆಯದನ್ನು ಪೊಲೀಸರಿಗೆ ಒಪ್ಪಿಸಬೇಕು, ಒಪ್ಪಿಸಿದ್ದು ಮರಳಿ ಬರುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಒಂದು ವಾರ ಪತ್ರಗಳ ನಡುವೆ ಆ ಕ್ಯಾಟಲಾಗುಗಳನ್ನು ಓದಿದೆ. ಗುಂಡಿನ ತೂಕ, ನಳಿಗೆಯ ಉದ್ದ, ಪಿಸ್ತೂಲಿನ ತೂಕ, ಎಲ್ಲವನ್ನೂ ಕಾಗದದ ಮೇಲೆ ಗೆರೆ ಹಾಕಿ ಬರೆದೆ. ನಮ್ಮ ಗೋದಾಮು ನೋಡಿಕೊಳ್ಳುವ ಬ್ಯಾರಿ ಗೆಳೆಯ, ಮಂಗಳೂರಿನ ಕಡೆಯವನು, ಹೆಗಲ ಮೇಲಿಂದ ಇಣುಕಿ ನೋಡಿ ತೀರ್ಪು ಕೊಟ್ಟ:

"ಸಣ್ಣ ಪಿಸ್ತೂಲು, ಸಣ್ಣ ಗುಂಡು, ಸಣ್ಣ ಪೆಟ್ಟು. ಇದರಲ್ಲಿ ಎಂತ ಆಲೋಚನೆ ಮಾಡ್ಲಿಕ್ಕುಂಟು ಮಾರಾಯ್ರೆ? ಖಲಾಸ್!"

ನನಗೂ ಹಾಗೇ ಅನಿಸಿತ್ತು. ಅಲ್ಯೂಮಿನಿಯಂ ಮೈಯ, ಅಂಗೈಯಷ್ಟೇ ಉದ್ದದ, ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುವ ಒಂದನ್ನು ಗುರುತು ಮಾಡಿದೆ. ಅದರ ಗುಂಡು ಹಳೆಯದರ ಗುಂಡಿಗಿಂತ ಹಗುರ, ಮದ್ದೂ ಕಡಿಮೆ. ಅರ್ಬಾಬ್ ಚಿತ್ರವನ್ನು ಬಹಳ ಹೊತ್ತು ನೋಡಿದರು. "ನೀನು ಸರಿಯಾಗಿ ಓದಿದ್ದೀಯಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಓದಿದ್ದೇನೆ ಎಂದೆ.

ಹಳೆಯ ಪಿಸ್ತೂಲನ್ನು ಒಪ್ಪಿಸಲು ಹೋದ ದಿನ ಅವರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಠಾಣೆಯವರು ತೆಗೆದುಕೊಂಡ ಮೇಲೆ ಬಟ್ಟೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

ಹೊಸದು ಕೈಗೆ ಬಂದ ಗುರುವಾರ ನಾನು ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮೊದಲ ಗುಂಡಿಗೇ ಅವರ ಮೊಣಕೈ ಸೆಟೆದು ಮುಂಗೈ ಮೇಲಕ್ಕೆ ಚಿಮ್ಮಿತು. ಸದ್ದು ಹಳೆಯದಕ್ಕಿಂತ ಚೂಪಾಗಿತ್ತು. ಎರಡನೆಯದಕ್ಕೂ ಹಾಗೇ. ಅವರು ನಿಲ್ಲಿಸಲಿಲ್ಲ, ಏಳೂ ಗುಂಡು ಮುಗಿಸಿಯೇ ಪಿಸ್ತೂಲನ್ನು ಮೇಜಿನ ಮೇಲೆ ಇಟ್ಟರು. ಹೆಬ್ಬೆರಳಿನ ಸಂದಿನಲ್ಲಿ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಗುರಿಯ ಕಾಗದದ ಮೇಲೆ ಇದ್ದದ್ದು ಒಂದೇ ತೂತು, ಅದೂ ಅಂಚಿನಲ್ಲಿ. ಗೆಳೆಯರಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮೈದಾನ ನೋಡಿಕೊಳ್ಳುತ್ತಿದ್ದವನು ಒಬ್ಬ ಬಲೂಚಿ, ನಿವೃತ್ತ ಸಾರ್ಜೆಂಟ್. ಆತ ಪಿಸ್ತೂಲನ್ನು ಅಂಗೈಯಲ್ಲಿ ತೂಗಿ ನೋಡಿ, "ಇದನ್ನು ಯಾರು ಆರಿಸಿದ್ದು?" ಎಂದು ಕೇಳಿದ.

"ನಾನು," ಎಂದೆ.

"ಬಾಬೂ, ನೀನು ಗುಂಡಿನ ತೂಕ ನೋಡಿದೆ. ಪಿಸ್ತೂಲಿನ ತೂಕದ ಅರ್ಥ ತಿಳಿಯಲಿಲ್ಲ. ಒದೆತವನ್ನು ಮೊದಲು ನುಂಗುವುದು ಪಿಸ್ತೂಲಿನ ಮೈ. ಮೈ ಹಗುರವಾದರೆ ಉಳಿದದ್ದನ್ನೆಲ್ಲ ಕೈ ನುಂಗಬೇಕು. ಅದರ ಮೇಲೆ ಇದರ ಹಿಡಿ ತೆಳ್ಳಗೆ, ಪೆಟ್ಟೆಲ್ಲ ಒಂದೇ ಕಡೆ ಬೀಳುತ್ತದೆ. ನಳಿಗೆ ಗಿಡ್ಡ, ಗುರಿ ಹಿಡಿಯುವ ಹಿಂದಿನ ಗುರುತಿಗೂ ಮುಂದಿನ ಗುರುತಿಗೂ ಅಂತರವೇ ಇಲ್ಲ, ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಗುಡ್ಡಕ್ಕೆ. ಇದು ಜೇಬಿನಲ್ಲಿ ಇಡಲು ಒಳ್ಳೆಯದು. ಹೊಡೆಯಲು ಅಲ್ಲ."

ಎಲ್ಲವೂ ನಾನೇ ಗೆರೆ ಹಾಕಿ ಬರೆದುಕೊಂಡ ಕಾಗದದಲ್ಲಿತ್ತು, ತೂಕವೂ ಉದ್ದವೂ. ನಾನು ಅದನ್ನು ತಲೆಕೆಳಗಾಗಿ ಓದಿದ್ದೆ. ಹಳೆಯ ಪಿಸ್ತೂಲನ್ನು ಯಾರಿಂದಲೂ ವಾಪಸು ತರಿಸಲಾಗುತ್ತಿರಲಿಲ್ಲ. ಕ್ಷಮಿಸಿ ಎನ್ನಲು ಕಾರಿನಲ್ಲಿ ಬಾಯಿ ತೆರೆದೆ. ಕೈಗೆ ಕರವಸ್ತ್ರ ಸುತ್ತಿಕೊಂಡಿದ್ದ ಅರ್ಬಾಬ್, "ಮಾಲೇಶ್, ಇರಲಿ ಬಿಡು," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸೀಬ್‌ನ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ವಾ?" ಎಂದಳು. ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ನಮ್ಮ ಪಾಸ್‌ಪೋರ್ಟು ಇದ್ದದ್ದು ಆ ಮನುಷ್ಯನ ಕಪಾಟಿನಲ್ಲಿ. ಆದರೆ ನನ್ನನ್ನು ಕಾಡಿದ್ದು ಆ ಭಯವಲ್ಲ. ಅವರು ನನ್ನ ಓದನ್ನು ನಂಬಿದ್ದರು.

ಮುಂದಿನ ವಾರ ಬಲೂಚಿ ಒಂದು ಪರೀಕ್ಷೆ ಮಾಡಿದ. ಒಬ್ಬ ಗೆಳೆಯರ ಪಿಸ್ತೂಲಿಗೆ ತಾನೇ ಗುಂಡು ತುಂಬಿ ಅರ್ಬಾಬರ ಕೈಗೆ ಕೊಟ್ಟ. ನಡುನಡುವೆ ಮದ್ದಿಲ್ಲದ ಸುಳ್ಳು ಗುಂಡು ಸೇರಿಸಿದ್ದ. ಯಾವುದು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೊದಲನೆಯದು ಸಿಡಿಯಿತು. ಎರಡನೆಯದಕ್ಕೆ ಅವರು ತೋರುಬೆರಳಲ್ಲಿ ಕುದುರೆ ಒತ್ತಿದರು. ಟಿಕ್ ಎಂದಿತು, ಸದ್ದಿಲ್ಲ, ಹೊಗೆಯಿಲ್ಲ. ಆದರೂ ಅವರ ಕೈ ಬಡಿದಂತೆ ಕೆಳಗೆ ಕುಸಿಯಿತು, ಕಣ್ಣು ಮುಚ್ಚಿತು. ಬರದ ಒದೆತಕ್ಕೆ ಕೈ ಮೊದಲೇ ಹೆದರಿಬಿಟ್ಟಿತ್ತು. ಎಲ್ಲರೂ ನೋಡಿದರು. ಸೈನಿಕನಾಗಿದ್ದ ಮನುಷ್ಯ ಕಣ್ಣು ಮುಚ್ಚಿದ್ದನ್ನು ನೋಡಿದ ಗೆಳೆಯರು ಮುಖ ತಿರುಗಿಸಿ ಗುಡ್ಡದ ಕಡೆ ನೋಡತೊಡಗಿದರು.

"ಇದು ಹೇಡಿತನ ಅಲ್ಲ ಸಾಹೇಬ್," ಎಂದ ಬಲೂಚಿ ಮೆಲ್ಲಗೆ. "ನೋವು ಕಂಡ ಕೈ. ಬೆಂಕಿ ಮುಟ್ಟಿದ ಮಗುವಿನ ಹಾಗೆ."

ಆ ಸಂಜೆ ಅಲ್ಲಿದ್ದ ಪಿಸ್ತೂಲುಗಳನ್ನೆಲ್ಲ ಒಂದೊಂದಾಗಿ ಹೊಡೆದು ನೋಡಿದರು. ಗೆಳೆಯರ ಭಾರದ ಉಕ್ಕಿನದು ಒದೆಯುತ್ತಿರಲಿಲ್ಲ, ತಳ್ಳುತ್ತಿತ್ತು ಅಷ್ಟೆ. ಆದರೆ ಮೂರನೆಯ ಗುಂಡಿಗೆ ಅದರ ಭಾರಕ್ಕೆ ಮಣಿಕಟ್ಟು ಸೋತು ಮೊನೆ ಇಳಿಯಿತು. ಸ್ಪ್ರಿಂಗು ಗಟ್ಟಿ, ಗುಂಡು ಏರಿಸುವ ಮೇಲಿನ ಜಾರುಕವಚವನ್ನು ಹಿಂದಕ್ಕೆ ಎಳೆಯಲು ಇನ್ನೊಬ್ಬರು ಬೇಕಾದರು. ಒದೆತ ತಡೆಯಲು ಭಾರ ಬೇಕು, ಆ ಭಾರವನ್ನು ಹೊರಲು ಕೈ ಇಲ್ಲ. ಕೊನೆಗೆ ಬಲೂಚಿ ಹೊಸಬರಿಗೆ ಕಲಿಸಲು ಇಟ್ಟಿದ್ದ ಪಾಯಿಂಟ್ ಟ್ವೆಂಟಿಟೂ ಪಿಸ್ತೂಲು ತಂದ. ಅದರ ಗುಂಡು ಜೀರಿಗೆ ಮಿಠಾಯಿಯಷ್ಟು ಸಣ್ಣದು. ಅರ್ಬಾಬ್ ಅದನ್ನು ನೋಡಿ, "ಇದು ಗುಬ್ಬಿ ಹೊಡೆಯುವುದು," ಎಂದು ಮುಖ ಕಿವಿಚಿದರು.

"ಐದು ಹೊಡೆಯಿರಿ, ಆಮೇಲೆ ಮಾತಾಡಿ."

ಐದೂ ಚಹಾ ತಟ್ಟೆಯಷ್ಟು ಜಾಗದೊಳಗೆ ಬಿದ್ದವು.

ಎರಡನೆಯ ಸಲ ನಾನು ಒಬ್ಬನೇ ಆರಿಸಲಿಲ್ಲ. ಬಲೂಚಿಯ ಪಕ್ಕ ಕೂತು ಕ್ಯಾಟಲಾಗು ಓದಿ ಹೇಳಿದೆ, ಅವನು ಬೇಡ, ಬೇಡ ಎನ್ನುತ್ತಾ ಹೋದ. ಅವನು ಹುಡುಕುತ್ತಿದ್ದದ್ದು ಅದೇ ಸಣ್ಣ ಗುಂಡಿನದು, ಆದರೆ ಮೈ ಪೂರಾ ಉಕ್ಕು, ಗಾತ್ರ ಚಿಕ್ಕದಾದರೂ ಹಿಡಿ ಕೈತುಂಬ ಸಿಗುವಂಥದ್ದು, ನಾಲ್ಕು ಬೆರಳೂ ಕೂರಬೇಕು, ನಳಿಗೆ ತೀರಾ ಗಿಡ್ಡವಲ್ಲ, ಕುದುರೆ ಹಗುರ, ಕವಚವನ್ನು ಎರಡು ಬೆರಳಲ್ಲಿ ಎಳೆಯಲು ಬರಬೇಕು. ಅಂಥದ್ದು ಒಂದು ಸಿಕ್ಕಿತು. ಅರ್ಜಿ ಹಾಕಿದೆವು. ನನ್ನ ಅಲ್ಯೂಮಿನಿಯಂ ಪಿಸ್ತೂಲು ಠಾಣೆಗೆ ಹೋಯಿತು. ಹೊಸದು ಹೊರದೇಶದಿಂದ ಬರಬೇಕು, ಅನುಮತಿ ಆಗಬೇಕು. ತಿಂಗಳುಗಳೇ ಕಳೆದವು. ನಾನು ಅಂಗಡಿಗೆ ಫೋನ್ ಮಾಡುತ್ತಿದ್ದೆ, "ಬುಕ್ರಾ" ಎಂಬ ಉತ್ತರ ಬರುತ್ತಿತ್ತು. ನಾಳೆ.

ಆ ನಡುವೆಯೇ ಅರ್ಬಾಬರ ಚಹಾ ಲೋಟ ತಟ್ಟೆಯ ಮೇಲೆ ಕಿಣಿಕಿಣಿ ಅನ್ನತೊಡಗಿತು. ಸಹಿ ಸಣ್ಣದಾಗುತ್ತಾ ಬಂತು, ಬ್ಯಾಂಕಿನವರು ಎರಡು ಸಲ ಕಾಗದ ವಾಪಸು ಕಳಿಸಿದರು. ಮಣಿಕಟ್ಟಿನ ಹಳೆಯ ನೋವು ಎಂದೇ ನಾವು ತಿಳಿದಿದ್ದೆವು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೊರದೇಶದವರು, ಇಂಗ್ಲಿಷ್ ಒಂದೇ ಗೊತ್ತಿತ್ತು. ಕೈ ಹಿಡಿದು, ಬೆರಳು ಆಡಿಸಲು ಹೇಳಿ, ನಡೆಸಿ ನೋಡಿ, ಕೊನೆಗೆ ಅರ್ಬಾಬರನ್ನು ನೋಡದೆ ನನ್ನನ್ನು ನೋಡಿ ಮಾತಾಡಿದರು. ಇದು ಮೂಳೆಯದಲ್ಲ, ನರದ ಕಾಯಿಲೆ. ಔಷಧಿಯಿಂದ ಸ್ವಲ್ಪ ತಡೆಯಬಹುದು. ಗುಣವಾಗುವುದಿಲ್ಲ, ಹೆಚ್ಚುತ್ತಾ ಹೋಗುತ್ತದೆ.

"ಏನಂದರು?" ಎಂದರು ಅರ್ಬಾಬ್.

ಹಿಂದಿಯಲ್ಲಿ ಆ ಮಾತಿಗೆ ಬೇಕಾದ ಶಬ್ದಗಳೆಲ್ಲ ನನಗೆ ಗೊತ್ತಿದ್ದವು. ಆದರೂ "ಔಷಧಿ ಕೊಡುತ್ತಾರಂತೆ," ಎಂದೆ.

"ನೀನು ಸರಿಯಾಗಿ ಹೇಳು. ನಾನು ಅವರ ಮುಖ ನೋಡಿದ್ದೇನೆ."

ಹೇಳಿದೆ. ಅವರು ತಲೆಯಾಡಿಸಿ, ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತರು. ನಾನು ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಂತೆ. ನನ್ನಿಂದ ಆಗುವುದು ಅದೊಂದೇ ಇತ್ತು.

ಪಿಸ್ತೂಲು ಬಂದದ್ದು ಸೆಕೆ ಇಳಿದ ಮೇಲೆ. ಔಷಧಿ ತೆಗೆದುಕೊಂಡು ಒಂದು ಗಂಟೆ ಕಳೆದರೆ ನಡುಕ ಸ್ವಲ್ಪ ಹೊತ್ತು ಅಡಗುತ್ತಿತ್ತು. ಆ ಹೊತ್ತನ್ನು ಲೆಕ್ಕ ಹಾಕಿ ನಾನು ಕಾರು ಹೊರಡಿಸುತ್ತಿದ್ದೆ. ಚಳಿಗಾಲದ ಎಷ್ಟೋ ಗುರುವಾರ ಅವರು ಎರಡೂ ಕೈಯಲ್ಲಿ ಆ ಚಿಕ್ಕ ಪಿಸ್ತೂಲನ್ನು ಹಿಡಿದು ನಿಂತದ್ದನ್ನು ನೋಡಿದ್ದೇನೆ. ಹೊಡೆದಾಗ ಕೈ ಚಿಮ್ಮುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ಸಲ ಮೂವರು ಗೆಳೆಯರನ್ನೂ ಸೋಲಿಸಿದರು. "ಗುಬ್ಬಿ ಹೊಡೆಯುವುದು," ಎಂದು ಪಿಸ್ತೂಲನ್ನು ಮೇಲೆತ್ತಿ ತೋರಿಸಿ ನಕ್ಕರು. ಗೆಳೆಯರು ಗುರಿಯ ಕಾಗದ ಕಿತ್ತು ತಂದು ಅವರ ಕೈಗೆ ಕೊಟ್ಟರು. ಬಲೂಚಿ ನನ್ನ ಬೆನ್ನು ತಟ್ಟಿದ. ಆ ಒಂದು ಸಂಜೆ ನಾನು ಯಾವುದೋ ಒಂದನ್ನು ಸರಿಮಾಡಿದೆ ಎಂದುಕೊಂಡಿದ್ದೆ.

ಬೇಸಗೆ ಬರುವ ಹೊತ್ತಿಗೆ ಔಷಧಿಯ ಆ ಹೊತ್ತು ಗಿಡ್ಡವಾಗುತ್ತಾ ಬಂತು. ಮೈದಾನ ತಲುಪುವಷ್ಟರಲ್ಲಿ ಮುಗಿದಿರುತ್ತಿತ್ತು. ಒಂದು ಗುರುವಾರ ಗುಂಡುಗಳು ಅವರ ಬೆರಳಿನಿಂದ ಮರಳಿಗೆ ಜಾರಿ ಬಿದ್ದವು. ನಾನು ಹೆಕ್ಕಲು ಬಗ್ಗಿದೆ. "ಮುಟ್ಟಬೇಡ," ಎಂದರು ಗಟ್ಟಿಯಾಗಿ. ಪರದೇಶದವನು ನಾನು, ಮುಟ್ಟಿದರೆ ನನಗೇ ತೊಂದರೆ ಎಂದೋ, ತಾನೇ ಹೆಕ್ಕಬೇಕೆಂದೋ, ಇವತ್ತಿಗೂ ಗೊತ್ತಿಲ್ಲ. ಅವರು ಮೊಣಕಾಲೂರಿ ಮರಳಿನಲ್ಲಿ ಒಂದೊಂದನ್ನೇ ಹುಡುಕಿ ತೆಗೆದರು. ನಾವೆಲ್ಲ ನಿಂತು ನೋಡುತ್ತಿದ್ದೆವು.

ಎರಡು ವಾರದ ನಂತರ ಅವರೇ ಠಾಣೆಗೆ ಹೋಗೋಣ ಎಂದರು. ಮರಳಿ ಒಪ್ಪಿಸುವ ನಮೂನೆ ಎರಡು ಭಾಷೆಯಲ್ಲಿತ್ತು. ಬರೆಯಲು ಅವರ ಕೈ ಬಾರದ್ದರಿಂದ ಇಂಗ್ಲಿಷಿನ ಭಾಗವನ್ನು ನಾನು ತುಂಬಿದೆ. ಒಪ್ಪಿಸಲು ಕಾರಣ ಎಂಬಲ್ಲಿ ಪೆನ್ನು ನಿಂತಿತು.

"ಏನು ಬರೆಯಲಿ ಅರ್ಬಾಬ್? ಅನಾರೋಗ್ಯ ಎನ್ನಲೇ?"

"ಬೇಡ. ಪಿಸ್ತೂಲು ಚೆನ್ನಾಗಿದೆ ಎಂದು ಬರೆ. ಮುಂದೆ ತೆಗೆದುಕೊಳ್ಳುವವನು ಇದರಲ್ಲಿ ಏನೋ ದೋಷ ಇದೆ ಎಂದುಕೊಳ್ಳಬಾರದು."

ಹಾಗೇ ಬರೆದೆ. ಅಧಿಕಾರಿ ಅದನ್ನು ಓದಿ ನನ್ನ ಮುಖ ನೋಡಿದ, ಅವರ ಕೈ ನೋಡಿದ, ಮೊಹರು ಒತ್ತಿದ.

ನಾನು ಊರಿಗೆ ಮರಳುವವರೆಗೆ, ಇನ್ನೂ ಮೂರು ವರ್ಷ, ಗುರುವಾರಗಳಲ್ಲಿ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಗೆಳೆಯರು ಹೊಡೆಯುತ್ತಿದ್ದರು. ಅವರು ಚಾಪೆಯ ಮೇಲೆ ಕೂತಿರುತ್ತಿದ್ದರು. ಕಾಫಿಯ ಬಟ್ಟಲನ್ನು ನಾನು ಹಿಡಿದು ಕುಡಿಸುತ್ತಿದ್ದೆ.