ಕಮಲಾಕ್ಷಿ ಮೇಡಂ ಮೂಗು

ಕಮಲಾಕ್ಷಿ ಮೇಡಂ ಮನೆಯ ಕರೆಗಂಟೆ ಒತ್ತುವ ಅಗತ್ಯ ನನಗೆ ಬೀಳುತ್ತಲೇ ಇರಲಿಲ್ಲ. ನಾನಿನ್ನೂ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ದನಿ ಕೇಳುತ್ತಿತ್ತು. "ಬನ್ನಿ ಲತಾ. ಆಫೀಸಲ್ಲಿ ಯಾರದ್ದೋ ಬರ್ತ್‌ಡೇನಾ? ಕೇಕ್ ತಿಂದ್ಕೊಂಡು ಬಂದಿದ್ದೀರ!" ಅವರ ಜಯನಗರದ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ನಾನು ಏನು ತಿಂದೆ, ಯಾವ ಸೋಪು ಬದಲಾಯಿಸಿದೆ, ಎಲ್ಲವೂ ಆ ಮೂಗಿಗೆ ಗೊತ್ತಾಗುತ್ತಿತ್ತು.

ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಕದ್ದು ಸಿಗರೇಟು ಸೇದಿ ಬಂದ ಹುಡುಗರು ಅವರ ತರಗತಿಯಲ್ಲಿ ಹಿಂದಿನ ಬೆಂಚು ಹಿಡಿದರೂ ಸಿಕ್ಕಿಬೀಳುತ್ತಿದ್ದರಂತೆ. "ಕಣ್ಣು ಮೋಸ ಹೋಗುತ್ತೆ, ಕಿವಿ ಮೋಸ ಹೋಗುತ್ತೆ. ಮೂಗು? ನೋ ಚಾನ್ಸ್!" ಎನ್ನುವುದು ಅವರ ಮಾತು. ಹಾಲಿನ ಪಾತ್ರೆಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ, ಅದು ಸಂಜೆಯವರೆಗೆ ಉಳಿಯುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದರು. ಆ ಮೂಗಿನ ಬಲದ ಮೇಲೆ ಅಡುಗೆಮನೆ ಪೂರ್ತಿ ಅವರ ಕೈಯಲ್ಲಿತ್ತು. ಜೊತೆಗಿದ್ದ ಅವರ ಅತ್ತಿಗೆ ಶಾರದಮ್ಮನವರಿಗೆ ಆ ಅಡುಗೆಮನೆಯ ಮೇಲೆ ಬಹಳ ಕಾಲದಿಂದ ಕಣ್ಣು.

ಮೇಡಂಗೆ ಕೊರೊನಾ ಜ್ವರ ಬಂದು ಹೋಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ಮೇಡಂ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದೆ, ಹಾಲು ಹುಳಿಯಾಗಿತ್ತು. ನನ್ನ ಮುಖ ನೋಡಿದ ಮೇಡಂ ಲೋಟ ಕಿತ್ತುಕೊಂಡು ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಮೆಲ್ಲಗೆ ಕುರ್ಚಿಗೆ ಕುಸಿದರು.

"ಜ್ವರ ಬಿಟ್ಟಾಗಿಂದ ಹೀಗೇ ಲತಾ. ಯಾವ ವಾಸನೇನೂ ಬರ್ತಿಲ್ಲ. ಅತ್ತಿಗೆಗೆ ಗೊತ್ತಾದ್ರೆ ನನ್ನ ಅಡುಗೆಮನೆ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಬಾಯಿ ಬಿಡ್ಬೇಡಿ."

ಅಂದಿನಿಂದ ನಾನೇ ಅವರ ಮೂಗಾದೆ. ಏನೋ ನೆಪ ಮಾಡಿ ಬೆಳಿಗ್ಗೆ ನನ್ನನ್ನು ಕೆಳಗೆ ಕರೆಯುವರು. ಹಾಲು ಸರಿಯಾಗಿದ್ದರೆ ನಾನು "ಹವಾ ಚೆನ್ನಾಗಿದೆ ಮೇಡಂ" ಎನ್ನಬೇಕು. ಕೆಟ್ಟಿದ್ದರೆ "ಮೋಡ ಮುಚ್ಚಿದೆ". ಹೊರಗೆ ಬಿಸಿಲು ಹೊಳೆಯುವಾಗ ನಾನು ಮೋಡದ ಸುದ್ದಿ ಹೇಳುವುದನ್ನು ಕೇಳಿ ಶಾರದಮ್ಮ ಆಕಾಶ ನೋಡುವರು. "ಈ ಹುಡ್ಗಿಗೆ ಕನ್ನಡಕ ಬೇಕು ಕಮಲಾ" ಎಂದೂ ಒಮ್ಮೆ ಹೇಳಿದರು.

ಫೋರ್ತ್ ಬ್ಲಾಕಿನ ಡಾಕ್ಟರು, ವಾಸನೆ ತಿರುಗಿ ಬರಬಹುದು, ಬಾರದೆಯೂ ಇರಬಹುದು ಎಂದರು. ಮೇಡಂಗೆ ಎರಡನೆಯ ಮಾತು ಕೇಳಿಸಲೇ ಇಲ್ಲ. ಅದೇ ಹೊತ್ತಿಗೆ ಗುಜರಾತಿನ ಒಂದು ಹಳ್ಳಿಯ ಸುದ್ದಿ ಎಲ್ಲೋ ಓದಿದರು. ಅಲ್ಲಿ ನೆಲದಲ್ಲಿ ಅಂಬರ್ ಸಿಗುವ ಜಾಗಕ್ಕೆ ಬೇಲಿ ಹಾಕಿ ಕಾಪಾಡಿದ್ದಾರೆ, ಪಕ್ಕದಲ್ಲೇ ಪುಟ್ಟ ಮ್ಯೂಸಿಯಂ ಇದೆ. ಅಂಬರ್ ಎಂದರೆ ಕೋಟ್ಯಂತರ ವರ್ಷಗಳ ಹಿಂದೆ ಮರದಿಂದ ಒಸರಿ, ಮಣ್ಣಿನಡಿ ಕಲ್ಲಿನಂತಾದ ಅಂಟು. ಉಜ್ಜಿದರೆ ಈಗಲೂ ಆ ಮರದ ವಾಸನೆ ಬರುತ್ತದಂತೆ.

"ವರ್ಷಗಟ್ಲೆ ಪಾಠ ಮಾಡಿದ್ದೀನಿ, ಒಂದ್ಸಲಾನೂ ಮೂಸಿಲ್ಲ. ಅದನ್ನ ಮೂಸಿದ್ರೆ ಈ ಮೂಗು ಎದ್ದು ಕೂರುತ್ತೆ ನೋಡಿ!"

"ಇದು ಯಾವ ಕೆಮಿಸ್ಟ್ರಿ ಮೇಡಂ?" ಎಂದು ರೇಗಿಸಿದೆ. ರೇಗಿಸಿದವಳೇ ರಜೆ ಹಾಕಿ ಜೊತೆಗೆ ಹೊರಟೆ.

ಬೇಲಿಯೊಳಗಿನ ಕಪ್ಪು ಮಣ್ಣಿನಲ್ಲಿ ಬೆಲ್ಲದ ಬಣ್ಣದ ಚೂರುಗಳು ಮಿನುಗುತ್ತಿದ್ದವು. ಮುಟ್ಟುವ ಹಾಗಿರಲಿಲ್ಲ. ಹಳೆಯ ಶಾಲೆಯ ಎರಡು ಕೋಣೆಗಳೇ ಮ್ಯೂಸಿಯಂ. ಭೂತಗಾಜಿನ ಕೆಳಗೆ ಅಂಬರಿನ ಒಂದು ಹನಿ, ಅದರೊಳಗೆ ರೆಕ್ಕೆ ಬಿಚ್ಚಿದ ಸೊಳ್ಳೆಯಂಥ ಹುಳು. ಅಲ್ಲಿದ್ದ ಹೆಂಗಸು ಒಂದು ಉಂಡೆಯನ್ನು ಉಣ್ಣೆಬಟ್ಟೆಗೆ ಚೆನ್ನಾಗಿ ಉಜ್ಜಿ ನಮ್ಮ ಮುಂದೆ ಹಿಡಿದಳು. ನನಗೆ ಗರ್ಭಗುಡಿಯ ಬಾಗಿಲಲ್ಲಿ ನಿಂತಂತಾಯಿತು. ಮೇಡಂ ಕಣ್ಣುಮುಚ್ಚಿ ದೀರ್ಘವಾಗಿ ಉಸಿರೆಳೆದು "ವಂಡರ್‌ಫುಲ್! ಬಹುತ್ ಅಚ್ಛಾ!" ಎಂದರು. ನಾನು ಕುಣಿದಾಡುವುದೊಂದು ಬಾಕಿ.

ಹೊರಗೆ ಬೇವಿನ ಮರದ ಕೆಳಗೆ ಬಂದ ಮೇಲೆ ಹೇಳಿದರು. "ಏನೂ ಬರ್ಲಿಲ್ಲ ಲತಾ. ಪಾಪ, ಅಷ್ಟು ಪ್ರೀತಿಯಿಂದ ಉಜ್ಜಿದ್ಲು." ಅವರ ಕಣ್ಣು ಒದ್ದೆಯಾದದ್ದನ್ನು ಅವತ್ತೇ ಮೊದಲು ನೋಡಿದ್ದು. ನನಗೂ ಅಳು ಬಂತು. ಮೇಡಂ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಅಲ್ಲಿ ಮಾರಲಿಟ್ಟಿದ್ದ ಒಂದು ಅಂಬರ್ ಚೂರು ಕೊಂಡು ಬಂದರು. "ಇದು ಕೋಟ್ಯಂತರ ವರ್ಷ ಕಾದಿದೆ. ನನಗೆ ನಾಲ್ಕು ದಿನ ಕಾಯಕ್ಕಾಗಲ್ವಾ?"

ಊರಿಗೆ ಬಂದ ಮೇಲೆ ಅದಕ್ಕೆ ದೇವರ ಮನೆಯಲ್ಲಿ ಜಾಗವಾಯಿತು. ದಿನವೂ ಸ್ನಾನ ಮಾಡಿ ಬಂದು ಅದನ್ನು ಸೆರಗಿಗೆ ಉಜ್ಜಿ ಮೂಸಿ, ಏನೂ ಆಗದವರಂತೆ ತಿರುಗಿ ಇಡುತ್ತಿದ್ದರು.

ಒಂದು ಶುಕ್ರವಾರ ಸಂಜೆ ನಾನು ಮೆಟ್ಟಿಲಿಳಿಯುತ್ತಿದ್ದೆ. ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಮೇಡಂ ಒಮ್ಮೆಲೇ ಕೂಗಿಕೊಂಡು ಒಳಗೆ ಓಡಿದರು. "ಅತ್ತಿಗೇ! ಏನು ಸುಟ್ರಿ? ಇದು ಸಾಂಬ್ರಾಣಿ ಅಲ್ಲ!"

ದೇವರ ಮನೆ ಹೊಗೆಯಿಂದ ತುಂಬಿತ್ತು. ಕೆಂಡದ ಧೂಪಾರತಿ ಹಿಡಿದು ಶಾರದಮ್ಮ ಬೆಪ್ಪಾಗಿ ನಿಂತಿದ್ದರು. "ಡಬ್ಬಿ ಖಾಲಿಯಾಗಿತ್ತು ಕಮಲಾ. ದೇವ್ರ ಹತ್ರ ಒಂದು ಗಟ್ಟಿ ಇತ್ತಲ್ಲ, ಅದೇ ಅಂದ್ಕೊಂಡು ಕುಟ್ಟಿ ಹಾಕ್ದೆ."

ಗುಜರಾತಿನಿಂದ ಜೋಪಾನವಾಗಿ ತಂದದ್ದು ಹೊಗೆಯಾಗಿ ಹೋಗಿತ್ತು. ಮೇಡಂ ಸಿಡಿಯುತ್ತಾರೆಂದು ಕಾದೆ. ಅವರು ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಹೊಗೆಗೆ ಮುಖವೊಡ್ಡಿ ಉಸಿರೆಳೆದರು. ಕೆಮ್ಮಿದರು, ನಕ್ಕರು, ಅತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡರು.

"ವಾಸನೆ ಬರ್ತಿದೆ ಲತಾ!"

"ಬರ್ತಿದೆ ಅಂದ್ರೆ? ಇಷ್ಟು ದಿನ ಬರ್ತಿರ್ಲಿಲ್ವಾ?" ಶಾರದಮ್ಮ ಹುಬ್ಬುಗಂಟಿಕ್ಕಿದರು.

"ಮೋಡ ಮುಚ್ಚಿತ್ತು ಅತ್ತಿಗೆ. ಈಗ ಹವಾ ಚೆನ್ನಾಗಿದೆ."

ಅಡುಗೆಮನೆ ಕೊನೆಯವರೆಗೂ ಮೇಡಂ ಕೈಯಲ್ಲೇ ಉಳಿಯಿತು. ನಾನು ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದೆ. ಮೇಡಂ ಮಲಗಿದಲ್ಲೇ ಹೋಗಿಬಿಟ್ಟರೆಂಬ ಸುದ್ದಿ ಅಲ್ಲಿಗೇ ಬಂತು.

ಮೊನ್ನೆ ಶಾರದಮ್ಮನವರನ್ನು ನೋಡಲು ಹೋದೆ. ಮೆಟ್ಟಿಲ ಬಳಿ ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ನಿಂತೆ. ಒಳಗಿನಿಂದ ಯಾರೂ ಕರೆಯಲಿಲ್ಲ. ಕರೆಗಂಟೆಯ ಸ್ವಿಚ್ ಎಲ್ಲಿದೆಯೆಂದು ಹುಡುಕಿ ಒತ್ತಬೇಕಾಯಿತು. ಬಾಗಿಲು ತೆರೆದ ಶಾರದಮ್ಮ ನನ್ನ ಕೈಹಿಡಿದು ನೇರ ಅಡುಗೆಮನೆಗೆ ಕರೆದೊಯ್ದು, ಹಾಲಿನ ಪಾತ್ರೆಯ ಮುಚ್ಚಳ ತೆಗೆದು ಮುಂದೆ ಹಿಡಿದರು.

"ಸ್ವಲ್ಪ ಮೂಸಿ ಹೇಳಮ್ಮ. ಅವಳು ಹೇಳ್ದೆ ನಂಗೆ ಒಲೆ ಹಚ್ಚಕ್ಕೇ ಧೈರ್ಯ ಬರಲ್ಲ."