ಮಾತಾಡುತ್ತ ತಿನ್ನುವ ಸುರುಳಿ

ಮುನಕಾತ ಸುಮಿಯೆಯ ಬಾಯಿಗೆ ಹೆದರದವರು ನಮ್ಮ ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಗಲ್ಲಾದಲ್ಲಿ ನಿಲ್ಲುವವಳು, ಆಕೆ ಹಿಂದಿನ ಅಡುಗೆಮನೆಯ ಯಜಮಾನಿ. ನಡುವೆ ಒಂದು ರಬ್ಬರಿನ ಪರದೆ ಇತ್ತು. ಆಕೆಯ ಬೈಗುಳವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ.

ಯಹಾತಾದ ಉಕ್ಕಿನ ಕಾರ್ಖಾನೆಯ ಬೆನ್ನಿಗಿರುವ ನಮ್ಮ ಯಸುಗುರಾ, ಅಗ್ಗಕ್ಕೆ ಹೆಸರಾದ ದೊಡ್ಡ ಸರಣಿಯ ಒಂದು ಶಾಖೆ. ಮಾಲನ್ನು ಚೆಂದವಾಗಿ ಜೋಡಿಸುವ ಗೋಜು ನಮಗಿಲ್ಲ. ರಟ್ಟಿನ ಪೆಟ್ಟಿಗೆಯ ಮುಖ ಕೊಯ್ದು ಹಾಗೆಯೇ ಒಟ್ಟುತ್ತೇವೆ. ಕಾರ್ಡು ನಡೆಯುವುದಿಲ್ಲ, ಯೆನ್ ನೋಟೇ ಬೇಕು. ದೀಪ ಕೂಡ ಅರ್ಧಕ್ಕರ್ಧ ಆರಿಸಿರುತ್ತೇವೆ. ಗಿರಾಕಿಗಳು ಗೊಣಗುತ್ತಲೇ ಬರುತ್ತಾರೆ, ಬುಟ್ಟಿ ತುಂಬಿಸಿಕೊಂಡು ಗೊಣಗುತ್ತಲೇ ಹೋಗುತ್ತಾರೆ.

ಇಂಥ ಬಿಗಿಮುಷ್ಟಿಯವರಿಗೆ ಅಂಗಡಿಯೊಳಗೊಂದು ಅಡುಗೆಮನೆ ದುಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬೇರೆಲ್ಲ ಶಾಖೆಗಳಿಗೆ ಊಟದ ಡಬ್ಬಿ ಸರಣಿಯದೇ ಅಡುಗೆ ಕಾರ್ಖಾನೆಯಿಂದ ಲಾರಿಯಲ್ಲಿ ಬರುತ್ತಿತ್ತು. ನಮ್ಮಲ್ಲಿ ಮಾತ್ರ ಸುಮಿಯೆ ಮತ್ತು ಆಕೆಯ ಕೈಕೆಳಗಿನ ಹೆಂಗಸರು ಒಲೆ ಹಚ್ಚುತ್ತಿದ್ದರು. ಗಂಡ ಉಕ್ಕಿನ ಕಾರ್ಖಾನೆಯ ಕ್ರೇನಿನಲ್ಲಿದ್ದವನು ತೀರಿಕೊಂಡಾಗ ಗೆಡ್ಡೆ ಹೆರೆಯಲು ಬಂದ ಸುಮಿಯೆ, ಅಲ್ಲೇ ತಲೆ ನರೆಯುವ ತನಕ ನಿಂತಳು. ಹಲ್ಲಿಲ್ಲದ ಮುದುಕರಿಗೆಂದು ಕುಂಬಳಕಾಯಿಯನ್ನು ಬೇರೆಯಾಗಿ ಮೆತ್ತಗೆ ಬೇಯಿಸುತ್ತಿದ್ದಳು. ಯಾರೂ ಹೇಳಿದ್ದಲ್ಲ, ಅದಕ್ಕೆ ಬೆಲೆ ಹೆಚ್ಚಿಸಿದ್ದೂ ಇಲ್ಲ. ಬೈದುಕೊಂಡೇ ಬೇಯಿಸುತ್ತಿದ್ದಳು, ಅಷ್ಟೆ.

ಆ ಚಳಿಗಾಲದಲ್ಲಿ ವಲಯಾಧಿಕಾರಿ ತೊಕುನಾಗ ಫೋನು ಮಾಡಿದರು. ಸೆಟ್ಸುಬುನ್ ಹಬ್ಬಕ್ಕೆ ಅನ್ನ, ಮೀನು ಇಟ್ಟು ಕಡಲಪಾಚಿಯ ಹಾಳೆಯಲ್ಲಿ ಸುತ್ತುವ ಅದೃಷ್ಟದ ಸುರುಳಿಗಳು ಎಲ್ಲ ಅಂಗಡಿಗಳಲ್ಲೂ ರಾಶಿ ರಾಶಿ ಮಿಕ್ಕಿ ಕಸಕ್ಕೆ ಹೋಗುತ್ತವೆ. ಫೆಬ್ರವರಿ ಮೂರರ ಮಧ್ಯಾಹ್ನ ಬಂದು ನಮ್ಮಲ್ಲಿ ಎಷ್ಟು ಹಾಳಾಗಿದೆಯೆಂದು ನೋಡುತ್ತೇನೆ, ಅಡುಗೆಮನೆ ಇಡುವುದೋ ಮುಚ್ಚುವುದೋ ಅಂದೇ ಹೇಳಿಬಿಡುತ್ತೇನೆ ಎಂದರು.

ಫೆಬ್ರವರಿ ಎರಡರ ಬೆಳಿಗ್ಗೆ ಬಾಗಿಲು ತೆರೆದದ್ದೇ ತಡ, ಗಿರಾಕಿಗಳು ನನ್ನನ್ನು ಮುತ್ತಿಕೊಂಡರು. ಸುರುಳಿ ಎಲ್ಲಿ? ನಾನು ಪರದೆ ಸರಿಸಿಕೊಂಡು ಓಡಿದೆ. ಸುಮಿಯೆ ನೆಮ್ಮದಿಯಾಗಿ ಆಲೂಗಡ್ಡೆ ಹಿಸುಕುತ್ತಿದ್ದಳು.

"ಸುಮಿಯೆ-ಸಾನ್, ಸುರುಳಿ ಎಲ್ಲಿ? ಇವತ್ತು ಸೆಟ್ಸುಬುನ್!"

"ತಲೆ ನೆಟ್ಟಗಿದ್ಯೇನೇ ಚಿಯೊ? ಸೆಟ್ಸುಬುನ್ ಬರೋದು ಮೂರಕ್ಕೆ. ನಮ್ಮಮ್ಮನ ಕಾಲದಿಂದ್ಲೂ ಮೂರಕ್ಕೇ."

"ಈ ವರ್ಷ ಎರಡಕ್ಕೆ ಬಂದಿದೆ. ಮುಂಬಾಗಿಲಲ್ಲಿ ಇಷ್ಟು ದೊಡ್ಡದಾಗಿ ಅಂಟಿಸಿದ್ದಾರಲ್ಲ!"

"ಮುಂಬಾಗಿಲಲ್ಲಿ ಬರೋರು ಗಿರಾಕಿಗಳು. ನಾನು ಹಿಂಬಾಗಿಲಲ್ಲಿ ಬರೋಳು."

ಹೀಗೆಂದವಳು ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ಕೆಲವು ವರ್ಷಗಳಿಗೊಮ್ಮೆ ಆ ಹಬ್ಬ ಒಂದು ದಿನ ಮೊದಲೇ ಬರುತ್ತದೆ. ನಮಗೆಲ್ಲ ಗೊತ್ತಿತ್ತು, ಆಕೆಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆವು. ಸುಮಿಯೆಗೆ ಹಬ್ಬ ಯಾವತ್ತೆಂದು ಹೇಳಿಕೊಡುವ ಎದೆಗಾರಿಕೆ ಯಾರಿಗಿತ್ತು? ಆ ದಿನ ಎದುರುಗಡೆಯ ಅಂಗಡಿಯವರು ಸುರುಳಿ ಮಾರಿ ಮಾರಿ ಸುಸ್ತಾದರು. ನಾವು ಆಲೂಗಡ್ಡೆ ಹಿಸುಕಿ ಕರಿದ ಕೊರೊಕ್ಕೆ ಮಾರಿದೆವು.

ಮರುದಿನ ಬೆಳಿಗ್ಗೆ ಮೀನು, ಮೊಟ್ಟೆ, ಸೌತೆಕಾಯಿ, ಕಡಲಪಾಚಿಯ ಹಾಳೆಗಳು, ಎಲ್ಲವೂ ಅವಳು ಹೇಳಿಕಳಿಸಿದಂತೆಯೇ ಬಂದಿಳಿದವು. ಹಿಂದಕ್ಕೆ ಕೊಡುವಂತಿಲ್ಲ. ಅಂಗಡಿಯ ಮ್ಯಾನೇಜರರ ಮುಖ ಬಿಳಿಚಿಕೊಂಡಿತು.

"ನೀವ್ಯಾಕೆ ಬೆವರ್ತೀರಿ? ತಪ್ಪು ನಂದು. ತೊಕುನಾಗರಿಗೆ ನಾನೇ ಹೇಳ್ತೀನಿ," ಅಂದಳು ಸುಮಿಯೆ. ದನಿ ಮಾತ್ರ ಎಂದಿನದಾಗಿರಲಿಲ್ಲ. ಹಿಂದೆ ನಿಂತಿದ್ದ ಹೆಂಗಸರ ಕೆಲಸವನ್ನು ತಾನೇ ಕಳೆದೆನೆಂದು ಅವಳಿಗೆ ಅನ್ನಿಸಿತ್ತು.

ಅಷ್ಟರಲ್ಲಿ ಕೊರೊಕ್ಕೆಗೆಂದು ಬಂದ ಉಶಿಜಿಮಾ ತಾತ ಪರದೆ ಸರಿಸಿ ಇಣುಕಿದ. ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ನಿವೃತ್ತನಾದವನು. ಅವನಿಗೂ ಸುಮಿಯೆಗೂ ದಿನಾ ಜಗಳ.

"ಏನಮ್ಮಾ, ಹಬ್ಬ ಮುಗಿದ ಮೇಲೆ ಎಚ್ಚರ ಆಯ್ತಾ?"

"ನಿನ್ನೆ ನೀನೆಲ್ಲಿ ತಿಂದೆ ಮುದುಕಾ? ಎದುರಂಗಡೀಲಾ?"

"ಹೂಂ. ಶುಭದಿಕ್ಕಿಗೆ ಮುಖ ಮಾಡ್ಕೊಂಡು, ತುಟಿ ಪಿಟಕ್ಕನ್ನದೆ ಇಡೀ ಸುರುಳಿ ತಿಂದೆ. ನಂಗೇನು ಕಷ್ಟ? ಹೆಂಡತಿ ಹೋದ್ಮೇಲೆ ದಿನಾ ಮಾತಿಲ್ಲದೇ ತಿನ್ನೋನು ನಾನು. ಹಾಗೆ ತಿಂದ್ರೆ ಅದೃಷ್ಟ ಬರೋದಾಗಿದ್ರೆ ಇಷ್ಟೊತ್ತಿಗೆ ಈ ಕಾರ್ಖಾನೆನೇ ಕೊಂಡ್ಕೋತಿದ್ದೆ."

ನಾವೆಲ್ಲ ನಕ್ಕೆವು. ಸುಮಿಯೆ ನಗಲಿಲ್ಲ. ತಾತನ ಕಡೆ ನೋಡಿ, ಕಡಲಪಾಚಿಯ ಕಟ್ಟು ಬಿಚ್ಚಿದಳು.

"ಸುತ್ತ್ರೇ ಎಲ್ಲಾರೂ," ಅಂದಳು ಹೆಂಗಸರಿಗೆ. "ಸುತ್ತಿ ಕತ್ತರಿಸಿ."

ಒಬ್ಬಾಕೆ ಕೈಯಲ್ಲಿದ್ದ ಚಾಕು ಹಿಂದಕ್ಕೆಳೆದುಕೊಂಡಳು. "ಕತ್ತರಿಸೋದಾ? ಅದೃಷ್ಟನೂ ಕತ್ತರಿಸಿ ಹೋಗುತ್ತಲ್ಲ!"

"ಅದೃಷ್ಟದ ದಿನ ನಿನ್ನೆಗೇ ಮುಗೀತು. ಇದು ಹಂಚ್ಕೊಂಡು ತಿನ್ನೋಕೆ."

ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ತಾನೇ ದಪ್ಪಕ್ಷರದಲ್ಲಿ ಬರೆದಳು: "ನಿನ್ನೆ ಬಾಯಿ ಮುಚ್ಚಿಕೊಂಡು ತಿಂದಿರಿ. ಇವತ್ತು ಮಾತಾಡುತ್ತ ತಿನ್ನಿ." ಬೆಲೆ ಎಂದಿನ ಅಗ್ಗದ್ದೇ. ಚೀಲ ತುಂಬಿಕೊಳ್ಳುವ ಮೇಜುಗಳ ಹತ್ತಿರ ಬೆಂಚುಗಳನ್ನು ಎಳೆಸಿ, ಟೀ ಕೆಟಲ್ ಇಡಿಸಿದಳು. ಆಮೇಲೆ ನನ್ನ ಗಲ್ಲಾದ ಮೈಕನ್ನು ಕಿತ್ತುಕೊಂಡಳು.

"ಹಬ್ಬದ ದಿನಾನೇ ಮರೆತ ಅಡುಗೆಮನೆ ಮುನಕಾತ ಮಾತಾಡ್ತಿರೋದು. ತಪ್ಪು ನಂದು. ಮೀನು ತಾಜಾ ಇದೆ. ಒಬ್ರೇ ಮನೆಗೆ ಹೊತ್ಕೊಂಡು ಹೋಗ್ಬೇಡಿ, ಇಲ್ಲೇ ಕೂತ್ಕೊಳ್ಳಿ."

ಮೊದಲಿಗೆ ಯಾರೂ ಬರಲಿಲ್ಲ. ತಾತನೊಬ್ಬ ಕೂತ. ತಟ್ಟೆ ಮುಂದಿಟ್ಟುಕೊಂಡು ಅಭ್ಯಾಸಬಲದಿಂದ ಸುಮ್ಮನೆ ಅಗಿಯತೊಡಗಿದ.

"ಮಾತಾಡಯ್ಯಾ! ಇಲ್ಲಾಂದ್ರೆ ತಟ್ಟೆ ಕಿತ್ಕೋತೀನಿ."

"ಏನಂತ ಮಾತಾಡ್ಲಿ? ಮೊಟ್ಟೆಗೆ ಸಕ್ಕರೆ ಜಾಸ್ತಿ ಆಗಿದೆ."

ಬುಟ್ಟಿ ಹಿಡಿದು ಹಾದುಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು. "ಎಲ್ಲಿ, ನೋಡೋಣ," ಎಂದು ಒಂದು ತುಂಡು ಕೊಂಡು ಕೂತಳು. "ಇದು ಜಾಸ್ತೀನಾ? ನಮ್ಮನೇಲಿ ಇದರ ಎರಡರಷ್ಟು ಹಾಕ್ತೀವಿ." "ಅದಕ್ಕೇ ನಿಮ್ಮನೆಯವ್ರ ಹಲ್ಲು ಹೋಗಿರೋದು," ಅಂದ ತಾತ. ಆಮೇಲೆ ಸಕ್ಕರೆಯ ಜಗಳಕ್ಕೆ ಇನ್ನಿಬ್ಬರು ಸೇರಿದರು. ಮಧ್ಯಾಹ್ನದ ಹೊತ್ತಿಗೆ ಬೆಂಚು ಸಾಲದೆ ಬಿಯರ್ ಕ್ರೇಟುಗಳನ್ನು ಮಗುಚಿ ಹಾಕಿದ್ದೆವು. ಒಂದೇ ಬೀದಿಯಲ್ಲಿದ್ದೂ ಮಾತಾಡಿಸದವರು ಪಕ್ಕಪಕ್ಕ ಕೂತು ಒಬ್ಬರ ಮೊಣಕಾಲುನೋವನ್ನು ಇನ್ನೊಬ್ಬರು ವಿಚಾರಿಸುತ್ತಿದ್ದರು. ಅಂಗಡಿ ಇಷ್ಟು ಗದ್ದಲವಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ತೊಕುನಾಗ ಬಂದಾಗ ತಟ್ಟೆಗಳಲ್ಲಿ ಸುರುಳಿಯ ತುದಿಗಳಷ್ಟೇ ಉಳಿದಿದ್ದವು. ಗಂಭೀರ ಮನುಷ್ಯ. ಮ್ಯಾನೇಜರ್ ತೊದಲುವ ಮೊದಲೇ ಸುಮಿಯೆ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವರು ಕೇಳಿಸಿಕೊಂಡು, ಕೂತು, ಒಂದು ತುದಿಯನ್ನು ಬಾಯಿಗಿಟ್ಟುಕೊಂಡರು. ಅಗಿದರು. ಮತ್ತೂ ಅಗಿದರು. ಹೆಂಗಸರು ಪರದೆಯ ಹಿಂದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು.

"ಸ್ವಾಮೀ, ಇಲ್ಲಿ ಮಾತಾಡ್ದೆ ತಿನ್ನಂಗಿಲ್ಲ," ಅಂದ ಉಶಿಜಿಮಾ ತಾತ. "ನಿಮಗೂ ತಟ್ಟೆ ಕಿತ್ಕೋತಾಳೆ."

ತೊಕುನಾಗ ನುಂಗಿದರು. "ಅಡುಗೆ ಕಾರ್ಖಾನೇಲಿ ಇಂಥಾ ತಪ್ಪು ಆಗ್ತಿರ್ಲಿಲ್ಲ," ಅಂದರು.

ಸುಮಿಯೆ ತಲೆ ತಗ್ಗಿಸಿದಳು.

"ಆದ್ರೆ ಅಕಸ್ಮಾತ್ ಆಗಿದ್ರೆ, ಅದನ್ನ ಹೀಗೆ ತಿದ್ದೋಕೆ ಅಲ್ಲಿ ಯಾರೂ ಇರ್ತಿರ್ಲಿಲ್ಲ. ಅಡುಗೆಮನೆ ಇರ್ಲಿ, ಮುನಕಾತ-ಸಾನ್."

ಪರದೆಯ ಹಿಂದಿನವರು ಜೋರಾಗಿ ಅತ್ತರು, ನಾನೂ ಅತ್ತೆ. ಆಕೆಯನ್ನು ಆ ಕ್ಷಣ ಎಷ್ಟು ಮೆಚ್ಚಿಕೊಂಡೆನೆಂದರೆ, ಓಡಿಹೋಗಿ ತಬ್ಬಿಕೊಳ್ಳಬೇಕೆನ್ನಿಸಿತು. ಬೈಸಿಕೊಳ್ಳುವ ಭಯಕ್ಕೆ ಬಿಟ್ಟೆ. ಬೆಳಿಗ್ಗೆಯಿಂದ ಏನೂ ತಿಂದಿರದ ಸುಮಿಯೆ ತಾತನ ಪಕ್ಕದ ಕ್ರೇಟಿನ ಮೇಲೆ ಕುಸಿದು ಕೂತಳು. ಅವನು ತನ್ನ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ತುಂಡನ್ನು ಅವಳ ಕಡೆಗೆ ಸರಿಸಿದ. ಅವಳು ಕಣ್ಣೊರೆಸಿಕೊಂಡು ಅದನ್ನು ಬಾಯಿಗೆ ಹಾಕಿಕೊಂಡು ಅಗಿದಳು.

"ನಿಜ ಕಣೋ ಮುದುಕಾ," ಅಂದಳು. "ಸಕ್ಕರೆ ಜಾಸ್ತೀನೇ ಆಗಿದೆ."